ಬೆಂಚಿನ ಮೇಲಿದ್ದವಳಿಗೆ ದೃಷ್ಟಿ

ಪ್ರತಿ ಶನಿವಾರದ ಹಾಗೆ ಉಪ್ಪು ಹಿಡಿದು ದೃಷ್ಟಿ ತೆಗೆಯಲು ಬಂದ ನಮ್ಮತ್ತೆಯ ಕೈಯನ್ನು, ಮ್ಯಾಚಿನಿಂದ ಬಂದ ಮಗಳು ಸಿರಿ ತಳ್ಳಿಬಿಟ್ಟಳು. "ನೋಬಡಿ ಈವನ್ ಸಾ ಮಿ, ಅಜ್ಜಿ! ಐ ವಾಸ್ ಆನ್ ದ ಬೆಂಚ್!"

ಮಗಳು ನೈರೋಬಿಯ ದೊಡ್ಡ ಫುಟ್‌ಬಾಲ್ ಕ್ಲಬ್ಬಿನಲ್ಲಿದ್ದಾಳೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದ ನಮಗೆ, ಅವಳನ್ನು ಒಂದು ಮ್ಯಾಚಿಗೂ ಇಳಿಸಿಲ್ಲ ಎಂದು ಗೊತ್ತಾದದ್ದು ಆಗಲೇ. ಅಳು ನಿಂತ ಮೇಲೆ ಫೋನಿನಲ್ಲಿ ಒಂದು ಸುದ್ದಿ ತೋರಿಸಿದಳು. ಐರ್ಲೆಂಡಿನ ಹುಡುಗನೊಬ್ಬ, ಬೆಂಚು ಕಾಯುವುದು ಸಾಕು, ಆಡೋಕೆ ಸಿಗಲಿ ಅಂತ ಹೆಸರಾಂತ ಕ್ಲಬ್ ಬಿಟ್ಟು ಚಿಕ್ಕದಕ್ಕೆ ಹೋಗಿದ್ದ. "ಕ್ಯಾನ್ ಐ?" ಎಂದಳು.

ನನ್ನವರು "ಜನ ಏನಂತಾರೆ..." ಅನ್ನುವಷ್ಟರಲ್ಲಿ ಅತ್ತೆ, "ಅವಳು ಹೋಗೋದು ಆಡೋಕೆ ತಾನೇ? ಆ ಕ್ಲಬ್ ಬಿಡಿಸೋ" ಎಂದು ಗದರಿದರು.

ಈಗ ಸಿರಿ ನಮ್ಮ ಬಡಾವಣೆ ಸೌತ್ ಸಿಯ ಪುಟ್ಟ ತಂಡದಲ್ಲಿದ್ದಾಳೆ. ಮೊದಲ ಮ್ಯಾಚಿನಲ್ಲೇ ಹೀನಾಯವಾಗಿ ಸೋತರು. ಅಳುತ್ತಾ ಬರುತ್ತಾಳೇನೋ ಎಂದು ನಾನು ಬಾಗಿಲು ತೆಗೆದರೆ, ಮೈಯೆಲ್ಲ ಕೆಂಪು ಮಣ್ಣು ಮಾಡಿಕೊಂಡು ಹೊಸ್ತಿಲಾಚೆಯೇ ನಿಂತಿದ್ದಳು. ಮನೆಯಲ್ಲೂ ಇಂಗ್ಲಿಷ್ ಬಿಟ್ಟು ಮಾತಾಡದವಳು ಇಡೀ ಮಹಡಿಗೆ ಕೇಳುವಂತೆ ಕೂಗಿದಳು: "ಅಜ್ಜೀ, ಉಪ್ಪು ತಗೊಂಡ್ ಬಾ!"