ಹೊತ್ತಿಗೆಯ ದೀಪದ ಕಾಡಿಗೆ

ಯಹೂದಿಗಳಲ್ಲಿ ದೇವರ ಗುಟ್ಟು ಹೇಳುವ ಹಳೆಯ ಗ್ರಂಥವೊಂದಿದೆಯಂತೆ. ಅದರ ಹೆಸರಿನ ಅರ್ಥ ಪ್ರಭೆ ಎಂದು ಮೊಮ್ಮಗಳು ಓದಿ ಹೇಳಿದಳು, ಎಷ್ಟು ಚಂದದ ಹೆಸರು ಅಂದಳು. ನನಗೆ ಚಂದ ಅನ್ನಿಸಲಿಲ್ಲ. ಅಂಥ ಹೆಸರಿನ ಹೊತ್ತಿಗೆ ನಮ್ಮ ಮನೆಯಲ್ಲೂ ಇತ್ತು.

ನಮ್ಮ ಸೀಮೆ ಇನ್ನೂ ಮುಂಬೈ ಸರಕಾರದ ಕೆಳಗಿದ್ದ ಕಾಲ. ಜಮಖಂಡಿ ಕಡೆಯ ಚಿಮ್ಮಡದಲ್ಲಿ ನನ್ನ ಗಂಡನ ಮನೆ, ಕುರಿ ಸಾಕುವವರದು. ಒಳಗೆ ಮನೆದೇವರು ಬೀರೇಶ್ವರನನ್ನು ಕೂಡಿಸಿದ ಜಗಲಿಯ ಮೇಲೆ ಕರಿ ಕಂಬಳಿಯಲ್ಲಿ ಸುತ್ತಿದ ಕೈಬರಹದ ಹೊತ್ತಿಗೆ. ಅದಕ್ಕೆ ಜ್ಯೋತಿ ಎನ್ನುತ್ತಿದ್ದರು. ಓದಲು ಯಾರಿಗೂ ಬರುತ್ತಿರಲಿಲ್ಲ. ಹೆಸರಿನ ಅರ್ಥವೇನೆಂದು ಮಾವನನ್ನು ಕೇಳಿದ್ದಕ್ಕೆ, ಕಾಣದ್ದನ್ನು ಕಾಣಿಸುವುದು ಅಂದರು. ಅದರ ಮುಂದಿನ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದೆವು. ಮನೆಯ ಕೂಸುಗಳಿಗೆಲ್ಲ ಅದೇ ಕಾಡಿಗೆ.

ನನ್ನ ಮಗಳಿಗೆ ಮೂರು ವರ್ಷವಿದ್ದಾಗ ಕಣ್ಣು ಕೆಂಪಾಗಿ ಕೀವು ಕಟ್ಟಿತು. ಗಂಡ ಜಮಖಂಡಿ ದವಾಖಾನೆಗೆ ಒಯ್ಯೋಣ ಎಂದ. ಅತ್ತೆಯೂ ಹೂಂ ಅಂದಳು. ಬೇಡ ಅಂದವಳು ನಾನು. ಜ್ಯೋತಿಯೇ ಮನೆಯಲ್ಲಿರುವಾಗ ದವಾಖಾನೆ ಯಾಕೆ ಎಂದು ಹಟ ಹಿಡಿದೆ. ನಾಲ್ಕು ದಿನ ಕಾಡಿಗೆ ತುಂಬಿದೆ. ಐದನೆಯ ದಿನ ಎಡಗಣ್ಣಿನ ಮೇಲೆ ಬಿಳಿ ಪೊರೆ ಬಂತು. ಆಗ ಓಡಿದೆವು. ಡಾಕ್ಟರು ಕಾಡಿಗೆ ಒರೆಸಿ ನೋಡಿ, ಬಲಗಣ್ಣು ಉಳಿಯುತ್ತದೆ ಅಂದರು. ಎಡದ್ದರ ಮಾತೇ ಎತ್ತಲಿಲ್ಲ.

ಸಿಡುಬಿನ ದೇವಿ ಕಣ್ಣು ಒಯ್ದಳು ಎಂದು ಹೇಳಿ ಮಗಳನ್ನು ಬೆಳೆಸಿದೆ. ಮನೆಯವರೂ ಬಾಯಿ ಬಿಡಲಿಲ್ಲ. ಅವಳು ಶಾಲೆಗೆ ಹೋಗಿ ಓದಲು ಕಲಿತಳು. ಒಂದು ದಿನ ಮಾವ ಕಂಬಳಿ ಬಿಚ್ಚಿ ಹೊತ್ತಿಗೆಯನ್ನು ಅವಳ ಮುಂದಿಟ್ಟರು. ಮುಖ ಓರೆ ಮಾಡಿ, ಬಲಗಣ್ಣು ಹಾಳೆಯ ಹತ್ತಿರ ತಂದು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಜ್ಯೋತಿ ಎಂದರೆ ಮನುಷ್ಯನೊಳಗಿನ ತಿಳಿವು ಎಂದು ಮೊದಲ ಪುಟದಲ್ಲೇ ಇತ್ತು. ದೀಪದ ಸುದ್ದಿಯಿಲ್ಲ, ಕಾಡಿಗೆಯ ಸುದ್ದಿಯಿಲ್ಲ.

ಮಾವ ಎದ್ದು ಹೋದ ಮೇಲೆ ಹೇಳಿಬಿಟ್ಟೆ.

"ನಿನ್ನ ಕಣ್ಣ ದೇವಿ ಒಯ್ದಿಲ್ಲವ್ವಾ. ನಾನ ಕಾಡಿಗಿ ತುಂಬಿ ಕಳದೇನಿ. ನಿಮ್ಮಪ್ಪ ದವಾಖಾನಿ ಅಂದಾ, ನಾ ಬ್ಯಾಡ ಅಂದ್ನಿ."

ಅಜ್ಜಿ ಇದ್ದ ಅಡುಗೆಮನೆಯ ಕಡೆ ತಿರುಗಿ ನೋಡಿದಳು.

"ಆಯಿಗೆ ಗೊತ್ತೈತೇನ?"

"ಎಲ್ಲಾರಿಗೂ ಗೊತ್ತೈತಿ."

"ಹಂಗಾರ ನಂಗೊಬ್ಬಾಕಿಗೇ ಗೊತ್ತಿರಲಿಲ್ಲ."

ಅತ್ತಿದ್ದರೆ ಅಪ್ಪಿಕೊಳ್ಳುತ್ತಿದ್ದೆನೇನೋ. ಅಳಲಿಲ್ಲ. ಹೊತ್ತಿಗೆ ಸುತ್ತಿ ಜಗಲಿಗಿಟ್ಟಳು. ಅವತ್ತಿನಿಂದ ಊಟಕ್ಕೆ ಕೂಡುವಾಗ ನನ್ನನ್ನು ತನ್ನ ಎಡಗಡೆಗೆ, ಕಾಣದ ಕಣ್ಣಿನ ಕಡೆಗೆ, ಬಿಟ್ಟುಕೊಂಡೇ ಕೂಡುತ್ತಿದ್ದಳು.