ನಗೆಯ ಅಡಿಯಲ್ಲಿದ್ದ ಮಾತು

ಚುಕ್ಕೆಯಮ್ಮ ಎಂಬುದು ಅವರ ಹೆತ್ತವರು ಇಟ್ಟ ಹೆಸರಲ್ಲ, ನಮ್ಮ ಆಫೀಸಿನವರು ಇಟ್ಟದ್ದು. ಹಳೆಯ ಸಿನಿಮಾಗಳನ್ನು ಡಿಸ್ಕಿಗೆ ಹಾಕಿ ಮನೆಯಲ್ಲಿ ನೋಡುವವರಿಗೆ ಮಾರುವ ಕಂಪನಿ ನಮ್ಮದು. ಯಾವ ಡಿಸ್ಕೂ ಅಂಗಡಿಗೆ ಹೋಗುವ ಮೊದಲು ಮೂರನೇ ಮಹಡಿಯ ಮೂಲೆಕೋಣೆಗೆ ಬರಬೇಕು. ಅಲ್ಲಿ ಚುಕ್ಕೆಯಮ್ಮ ಅದನ್ನು ನೋಡಿ, ಕೇಳಿ, ತಪ್ಪುಗಳನ್ನು ಹಾಳೆಯ ಮೇಲೆ ಬರೆದು ಸಹಿ ಹಾಕಬೇಕು. ಎರಡೂವರೆ ಗಂಟೆಯ ಚಿತ್ರದಲ್ಲಿ ಒಂದೇ ಒಂದು ಸಲ ನಾಯಕನ ಕಿವಿಯ ಹತ್ತಿರ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಮಿಂಚಿ ಮಾಯವಾದರೂ ಅದು ಅವರ ಹಾಳೆಯಲ್ಲಿ ನಿಮಿಷದ ಸಮೇತ ದಾಖಲಾಗುತ್ತಿತ್ತು. ತಮಗೆ ಇಟ್ಟ ಹೆಸರು ಅವರಿಗೂ ಗೊತ್ತಿತ್ತು. "ಚುಕ್ಕೆ ಕಂಡಲ್ಲಿ ಬೊಟ್ಟು ಮಾಡೋದಕ್ಕೇ ನನಗೆ ಸಂಬಳ. ಇನ್ನೇನಂತ ಕರೀತೀರಿ ಪಾಪ," ಎನ್ನುತ್ತಿದ್ದರು.

ನಾನು ಅದೇ ಕೋಣೆಯ ಇನ್ನೊಂದು ಮೇಜಿನಲ್ಲಿ ಕುಳಿತು ಚಿತ್ರದ ಕೆಳಗೆ ಬರುವ ಸಬ್‌ಟೈಟಲ್ ಸಾಲುಗಳನ್ನು ಬರೆಯುತ್ತಿದ್ದೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದಿದ್ದರಿಂದ ನಮಗೆ ಹಗಲು ಗೊತ್ತಾಗುತ್ತಿದ್ದದ್ದು ಬಾಗಿಲ ಕೆಳಗಿನ ಸೀಳಿನಲ್ಲಿ ಮಾತ್ರ. ಒಂದೊಂದು ಡಿಸ್ಕನ್ನೂ ಅವರು ಮೂರು ಸಲ ನೋಡುತ್ತಿದ್ದರು. ಮೊದಲನೆಯ ಸಲ ದನಿ ಪೂರ್ತಿ ಆರಿಸಿ, ಬರೀ ಕಣ್ಣಿನಿಂದ. ಎರಡನೆಯ ಸಲ ಪರದೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ಬರೀ ಕಿವಿಯಿಂದ. ಮೂರನೆಯ ಸಲ ಮೂಲೆಯಲ್ಲಿದ್ದ ಹಳೆಯ ಸಣ್ಣ ಟಿವಿಯಲ್ಲಿ, ಬಟ್ಟೆ ಮಡಿಸುತ್ತಲೋ ಗುಂಡಿ ಹೊಲಿಯುತ್ತಲೋ. "ಜನ ಮನೇಲಿ ನೋಡೋದು ಹೀಗೇ ಕಣಪ್ಪ. ಅರ್ಧ ಗಮನ ಒಲೆ ಮೇಲೆ ಇರುತ್ತೆ. ಆಗಲೂ ಮಾತು ಕಿವಿಗೆ ಬೀಳಬೇಕು," ಎಂದು ನನಗೆ ಹೇಳಿಕೊಟ್ಟಿದ್ದರು.

ಹಾಸ್ಯ ಚಿತ್ರ ಬಂದರೆ ಅವರ ಬಿಗಿ ಇನ್ನೂ ಹೆಚ್ಚು. ಅಳಿಸುವ ಚಿತ್ರದಲ್ಲಿ ತುಟಿಗೂ ಮಾತಿಗೂ ಒಂದು ಎಳೆ ಹೆಚ್ಚುಕಮ್ಮಿಯಾದರೆ ನಡೆದೀತು, ನಗಿಸುವ ಚಿತ್ರದಲ್ಲಿ ನಡೆಯದು; ಮಾತು ರೆಪ್ಪೆ ಬಡಿಯುವಷ್ಟು ತಡವಾದರೂ ನಗೆ ಸತ್ತೇ ಹುಟ್ಟುತ್ತದೆ ಎಂಬುದು ಅವರ ಸಿದ್ಧಾಂತ. ಇಷ್ಟೆಲ್ಲ ಹೇಳುವ ಹೆಂಗಸು, ಏಳು ವರ್ಷದಲ್ಲಿ ಒಂದು ದಿನವೂ ಪರದೆ ನೋಡಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಆ ಚಿತ್ರ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಇಪ್ಪತ್ತಾರು ವರ್ಷ ಹಳೆಯದು. ಒಂದೇ ಮನೆಯನ್ನು ಇಬ್ಬರಿಗೆ ಬಾಡಿಗೆಗೆ ಕೊಟ್ಟ ಯಜಮಾನನ ಕಥೆ. ಅದರಲ್ಲಿ ಸಕ್ಕರೆ ಕೇಳಲು ಬಂದು, ಬಂದಾಗಲೆಲ್ಲ ಮೆಟ್ಟಿಲಿನಿಂದ ಉರುಳುವ ಪಕ್ಕದ ಮನೆಯವಳೊಬ್ಬಳು ಇದ್ದಳು. ಎಲ್ಲ ಸೇರಿ ಮೂರು ದೃಶ್ಯ. ಮೊದಲ ಸಲ ಆಕೆ ಬಿದ್ದಾಗ ನಾನು ಜೋರಾಗಿ ನಕ್ಕುಬಿಟ್ಟೆ.

ಚುಕ್ಕೆಯಮ್ಮ ಪರದೆಯಿಂದ ಕಣ್ಣು ಕೀಳದೆ, "ನನ್ನ ಅಕ್ಕ," ಎಂದರು.

ನಾನು ಬರವಣಿಗೆ ಬಿಟ್ಟು ಅವರ ಕಡೆ ತಿರುಗಿದೆ. ಅವರೇ ಮುಂದುವರಿಸಿದರು. ತಾಯಿ ಹೋದಾಗ ಇವರಿಗೆ ಎಂಟು ವರ್ಷ, ಅಕ್ಕನಿಗೆ ಹದಿನೆಂಟು. ಅಪ್ಪ ಇದ್ದೂ ಇಲ್ಲದ ಹಾಗೆ. ಅಕ್ಕ ಸಿನಿಮಾದಲ್ಲಿ ಸಣ್ಣಪುಟ್ಟ ಪಾತ್ರ ಮಾಡಿ ತಂಗಿಯನ್ನು ಓದಿಸಿದಳು. ನರ್ಸು, ಟಿಕೆಟ್ ಕೊಡುವವಳು, ಮದುವೆಯಲ್ಲಿ ತಟ್ಟೆ ಬೀಳಿಸುವವಳು. ಬೀಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮನೆಯಲ್ಲಿ ಹಾಸಿಗೆಗಳನ್ನು ಒಂದರ ಮೇಲೊಂದು ಹಾಕಿ ಅಭ್ಯಾಸ ಮಾಡುತ್ತಿದ್ದಳು. ಹೇಗಿತ್ತು ಎಂದು ಹೇಳುವುದು ತಂಗಿಯ ಕೆಲಸ. ಮೊದಲು ಅಂಗೈ ಊರಬೇಕು, ಗದ್ದ ಎದೆಗೆ ಒತ್ತಬೇಕು, ಆಮೇಲೆ ಭುಜ.

"ಯಾವ ಸಿನಿಮಾದಲ್ಲೂ ದನಿ ಮಾತ್ರ ಅವಳದಲ್ಲ," ಎಂದರು. "ಸಣ್ಣ ಪಾತ್ರದವರಿಗೆಲ್ಲ ಬೇರೆ ಯಾರೋ ಒಬ್ಬಳೇ ಕೂತು ದನಿ ಕೊಟ್ಟುಬಿಡ್ತಿದ್ಲು ಆಗ. ಮುಖ ನಮ್ಮಕ್ಕನದು, ಗಂಟಲು ಯಾರದೋ."

ಈ ಚಿತ್ರದ ಕೆಲಸ ಮುಗಿದ ಏಳನೇ ವಾರಕ್ಕೆ ಅಕ್ಕ ಸತ್ತಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು, "ಮೊದಲೇನಾದ್ರೂ ತಲೆ ಸುತ್ತಿ ಬಿದ್ದಿದ್ರಾ?" ಎಂದು ಕೇಳಿದ್ದರಂತೆ. "ಇಲ್ಲ ಡಾಕ್ಟ್ರೇ, ಸಿನಿಮಾದಲ್ಲಿ ಬಿಟ್ಟು ಬೇರೆಲ್ಲೂ ಬಿದ್ದಿಲ್ಲ," ಎಂದಿದ್ದಳು ಹದಿನೆಂಟರ ತಂಗಿ.

ಇದನ್ನೆಲ್ಲ ಹೇಳಿ ಮುಗಿಸಿ ಅವರು ಹಾಳೆ ಎಳೆದುಕೊಂಡು ಎಂದಿನಂತೆ ಬರೆಯತೊಡಗಿದರು. ಚಿತ್ರ: ಬಣ್ಣ ಚೆನ್ನಾಗಿ ಉಳಿದಿದೆ, ಮೂರನೇ ರೀಲಿನಲ್ಲಿ ಎರಡು ಗೀರು. ಧ್ವನಿ: ಮಾತು ಸ್ಪಷ್ಟ, ಹಾಡಿನಲ್ಲಿ ಸಣ್ಣ ಗೊರಗೊರ. ಅಕ್ಕನ ದೃಶ್ಯಗಳಲ್ಲೂ ಎರಡು ಚುಕ್ಕೆ ಹುಡುಕಿ ಬರೆದರು.

ಮರುದಿನ ಜೊತೆಗಿನ ತುಣುಕುಗಳು ಬಂದವು. ಡಿಸ್ಕಿನ ಜೊತೆ ಏನಾದರೂ ಹೆಚ್ಚಿಗೆ ಕೊಟ್ಟರೆ ಜನ ಕೊಳ್ಳುತ್ತಾರೆಂದು ನಿರ್ಮಾಪಕರ ಉಗ್ರಾಣದಿಂದ ಹಳೆಯ ಟೇಪು ತರಿಸಿ, ಚಿತ್ರೀಕರಣದಲ್ಲಿ ಆದ ಎಡವಟ್ಟುಗಳನ್ನೆಲ್ಲ ಒಂದು ಕಡೆ ಜೋಡಿಸಿದ್ದರು. ಮಾತು ಮರೆತ ನಾಯಕ, ಕೈಗೆ ಬಂದ ಬಾಗಿಲ ಹಿಡಿ, ಮೇಜಿನ ಮೇಲೆ ಹತ್ತಿದ ಬೆಕ್ಕು. ಆರನೇ ನಿಮಿಷಕ್ಕೆ ಅಕ್ಕ ಬಂದಳು. ಬಟ್ಟಲು ಹಿಡಿದು ಮೆಟ್ಟಿಲ ತುದಿಯಲ್ಲಿ ನಿಂತಿದ್ದಾಳೆ. ಕ್ಯಾಮೆರಾ ಇನ್ನೂ ಸರಿಯಾಗಿ ಸಿದ್ಧವಾಗಿಲ್ಲ. ಇದ್ದಕ್ಕಿದ್ದಂತೆ ಉರುಳುತ್ತಾಳೆ. ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಗುತ್ತಾರೆ. "ಅಮ್ಮಾ ತಾಯಿ, ಇನ್ನೂ ಹೇಳೇ ಇಲ್ಲ, ಆಗಲೇ ಬಿದ್ಬಿಟ್ಯಲ್ಲ!" ಎಂದು ಯಾರೋ ಕೂಗುವುದು ದನಿ ಹಾಕಿದ ಮೇಲೆ ಕೇಳಿಸುತ್ತದೆ. ಆಕೆ ಎದ್ದು ಕೂತು, ಸೆರಗು ಸರಿಮಾಡಿಕೊಂಡು ತಾನೂ ನಗುತ್ತಾಳೆ. ತುಟಿ ಅಲುಗುತ್ತದೆ. ತುಣುಕು ಮುಗಿಯುತ್ತದೆ.

ದನಿ ಆರಿಸಿದ್ದ ಮೊದಲ ನೋಟದಲ್ಲೇ ಚುಕ್ಕೆಯಮ್ಮ ಅಲ್ಲಿ ನಿಲ್ಲಿಸಿದರು. ಹಿಂದಕ್ಕೆ ತಂದರು. ಒಂದೊಂದೇ ಫ್ರೇಮು ಮುಂದಕ್ಕೆ ಸರಿಸಿದರು. ಹಾಗೆ ಎಷ್ಟು ಸಲ ಮಾಡಿದರೋ ನಾನು ಎಣಿಸಲಿಲ್ಲ.

"ನೋಡಪ್ಪ ಇಲ್ಲಿ," ಎಂದರು. "ಕೈ ಊರಿಲ್ಲ."

ನಿಜ. ಎರಡು ಕೈಯೂ ಚಿಂದಿಯಂತೆ ಜೋತುಬಿದ್ದಿದ್ದವು. ಬಟ್ಟಲು ಆಕೆ ಬೀಳುವ ಮೊದಲೇ ಬೆರಳಿನಿಂದ ಜಾರಿತ್ತು. ಗದ್ದ ಮೇಲಕ್ಕೆ ಎದ್ದಿತ್ತು. ಕಣ್ಣು ತೆರೆದೇ ಇದ್ದರೂ ಅದರಲ್ಲಿ ನೋಟವಿರಲಿಲ್ಲ.

"ಇದು ನಟನೆ ಅಲ್ಲ," ಎಂದರು ಚುಕ್ಕೆಯಮ್ಮ.

ಆಮೇಲೆ ಪರದೆಗೆ ಬೆನ್ನು ಹಾಕಿ ಕುಳಿತು, ಕಿವಿಗೆ ಹೆಡ್‌ಫೋನ್ ಏರಿಸಿದರು. ಆ ಟೇಪಿನಲ್ಲಿ ಎರಡು ಮೈಕಿನ ದನಿ ಬೇರೆ ಬೇರೆಯಾಗಿ ಉಳಿದಿತ್ತು. ನಗೆ ಜೋರಾಗಿದ್ದ ಕಡೆಯದನ್ನು ತಗ್ಗಿಸುತ್ತ, ಇನ್ನೊಂದನ್ನು ಏರಿಸುತ್ತ ಹೋದರು. ಊಟದ ಹೊತ್ತು ಮೀರಿತು. ಕೊನೆಗೆ ಹೆಡ್‌ಫೋನ್ ತೆಗೆದು ನನ್ನ ಕಡೆ ಚಾಚಿದರು. "ಮಾತು ಬರೆದುಕೊಳ್ಳೋದು ನಿನ್ನ ಕೆಲಸ ಅಲ್ವಾ. ಏನು ಹೇಳ್ತಾಳೆ, ಬರಿ. ನನಗೆ ಹಾಗೆ ಕೇಳಿಸ್ತಾ ಇದೆಯೋ, ನಿಜವಾಗಿ ಇದೆಯೋ ಗೊತ್ತಾಗ್ತಿಲ್ಲ."

ನಾನು ಕೇಳಿದೆ. ಹತ್ತು ಜನರ ನಗೆಯ ಅಡಿಯಲ್ಲಿ, ಸ್ವಲ್ಪ ಒಡಕು, ಸ್ವಲ್ಪ ದಪ್ಪ ದನಿಯೊಂದು ಏದುಸಿರಿನ ನಡುವೆ ಹೇಳುತ್ತಿತ್ತು. ಹಾಳೆಯ ಮೇಲೆ ಬರೆದು ಅವರ ಮುಂದಿಟ್ಟೆ.

"ಕಣ್ಣು ಕತ್ತಲೆ ಬಂದ್ಬಿಡ್ತು ಕಣ್ರೋ. ನಮ್ಮ ಮನೇಲಿ ಹೇಳ್ಬೇಡಿ. ತಂಗಿಗೆ ಪರೀಕ್ಷೆ ಇದೆ, ಹೆದರ್ಕೋತಾಳೆ."

ಚುಕ್ಕೆಯಮ್ಮ ಆ ಎರಡು ಸಾಲನ್ನು ಓದಿದರು. ಹಾಳೆಯನ್ನು ಮೇಜಿನ ಮೇಲೆ ಮಗುಚಿ ಹಾಕಿ ಅಂಗೈಯಿಂದ ಒತ್ತಿ ಹಿಡಿದರು, ಗಾಳಿಗೆ ಹಾರಿಹೋಗುತ್ತದೇನೋ ಎಂಬಂತೆ. ಆ ಕೋಣೆಯಲ್ಲಿ ಗಾಳಿಯೇ ಇರಲಿಲ್ಲ. "ಆ ಪರೀಕ್ಷೇಲಿ ನಾನು ಫೇಲು," ಎಂದರು. ಹಾಳೆಯಿಂದ ಕೈ ತೆಗೆಯದೆ ಇನ್ನೊಂದು ಮಾತು ಹೇಳಿದರು. "ಡಾಕ್ಟ್ರಿಗೆ ನಾನು ಸುಳ್ಳು ಹೇಳ್ದಂಗಾಯ್ತಲ್ಲಪ್ಪ."

ಅಂದು ಅವರು ಬರೆದ ಹಾಳೆ ನನಗೆ ಬಾಯಿಪಾಠ. ಜೊತೆಗಿನ ತುಣುಕು: ಚಿತ್ರ ಪರವಾಗಿಲ್ಲ. ಧ್ವನಿ ಪರವಾಗಿಲ್ಲ. ಆರನೇ ನಿಮಿಷದ್ದು ಪೂರ್ತಿ ತೆಗೆಯಬೇಕು, ಅದು ಹಾಸ್ಯ ಅಲ್ಲ.

ಮ್ಯಾನೇಜರು ಹಾಳೆ ಹಿಡಿದುಕೊಂಡು ಓಡೋಡಿ ಬಂದರು. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯರು. "ಏನಮ್ಮಾ ಇದು? ಎಲ್ಲಕ್ಕಿಂತ ಹೆಚ್ಚು ನಗಿಸೋದೇ ಅದು! ಕೆಳಗೆ ಹತ್ತು ಜನಕ್ಕೆ ತೋರಿಸಿದ್ವಿ, ಹೊಟ್ಟೆ ಹಿಡ್ಕೊಂಡು ನಕ್ರು. ಅದರಲ್ಲಿ ಏನು ಚುಕ್ಕೆ ಕಂಡ್ತು ನಿಮಗೆ?"

ಚುಕ್ಕೆಯಮ್ಮ ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತುತ್ತ ಕುಳಿತರು. ನಾನು ಮ್ಯಾನೇಜರನ್ನು ಹೊರಗೆ ಕರೆದುಕೊಂಡು ಹೋಗಿ, ಬಾಗಿಲ ಬಳಿ ನಿಲ್ಲಿಸಿ, ನಡೆದದ್ದನ್ನು ಹೇಳಿದೆ. ಅವರು ಗೋಡೆಗೆ ಒರಗಿದರು. "ಅಯ್ಯೋ, ನಾನೂ ನಕ್ಕಿದ್ದೆನಲ್ಲಯ್ಯ," ಎಂದರು.

ಒಳಗೆ ಬಂದು ಚುಕ್ಕೆಯಮ್ಮನ ಎದುರು ಕುರ್ಚಿ ಎಳೆದುಕೊಂಡರು. "ಬೀಳೋದನ್ನ ತೆಗೆಸಿಬಿಡ್ತೀನಿ ಅಮ್ಮಾ. ಎದ್ದು ನಗೋದನ್ನಾದ್ರೂ ಇಡೋಣ. ಎಷ್ಟು ಚೆಂದ ನಗ್ತಾರೆ."

"ಬೇಡ ಸರ್. ಬಿದ್ದಿದ್ದಕ್ಕೇ ಅವಳು ನಕ್ಕಿದ್ದು. ಇಲ್ಲದಿದ್ರೆ ಆ ನಗೂಗೆ ಅರ್ಥ ಇಲ್ಲ."

"ಸರಿ, ಪೂರ್ತಿ ತೆಗೀತೀನಿ. ನಿಮಗೊಂದು ಪ್ರತಿ ಮಾಡಿಸಿ ಕೊಡ್ಲಾ?"

ಅವರು ಜೋರಾಗಿ ತಲೆಯಾಡಿಸಿದರು. "ಮನೇಲಿಟ್ಕೊಂಡು ಏನು ಮಾಡ್ಲಿ? ದಿನಾ ಬೀಳಿಸ್ಲಾ ಅವಳನ್ನ?"

ತುಣುಕು ಹೋಯಿತು. ಅದರ ಜಾಗದಲ್ಲಿ ಬೆಕ್ಕಿನದನ್ನೇ ಸ್ವಲ್ಪ ಉದ್ದ ಮಾಡಿದರು. ಡಿಸ್ಕು ಬಿಡುಗಡೆಯಾಯಿತು, ಚೆನ್ನಾಗಿಯೇ ಮಾರಾಟವಾಯಿತು. ಪತ್ರಿಕೆಯೊಂದರಲ್ಲಿ ಯಾರೋ, ಚಿತ್ರ ಮತ್ತು ಧ್ವನಿ ಹೊಸದರಂತಿವೆ, ಆದರೆ ಜೊತೆಗಿನ ತುಣುಕುಗಳು ಕಡಿಮೆಯಾದವು ಎಂದು ಬರೆದರು. ಚುಕ್ಕೆಯಮ್ಮ ಅದನ್ನು ಓದಿ ಪತ್ರಿಕೆ ಮಡಿಸಿಟ್ಟರು.

ಸುಮಾರು ಒಂದು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ, ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಹಾಗೆ ಎದ್ದು ಬರುವವರಲ್ಲ. "ಆ ಟೇಪು ಎಲ್ಲಿರಬಹುದು?" ಎಂದು ಕೇಳಿದರು. "ನೋಡೋಕಲ್ಲ. ಕೇಳೋಕೆ. ಅವಳ ದನಿ ಇರೋದು ಅದೊಂದರಲ್ಲೇ ಅಲ್ವಾ."

ನಮ್ಮಲ್ಲಿ ಪ್ರತಿ ಇರಲಿಲ್ಲ. ಬೇಡದ್ದನ್ನೆಲ್ಲ ಅಳಿಸುವುದು ನಮ್ಮ ಕಟ್ಟುನಿಟ್ಟಿನ ಪದ್ಧತಿ. ಮೂಲ ಟೇಪು ನಿರ್ಮಾಪಕರ ಉಗ್ರಾಣಕ್ಕೆ ಮರಳಿತ್ತು. ಇಬ್ಬರೂ ಬಸ್ಸು ಹಿಡಿದು ಹೋದೆವು. ತಗಡಿನ ಬಾಗಿಲು, ಒಳಗೆ ಬರೀ ಕಬ್ಬಿಣದ ಕಪಾಟುಗಳು. ಉಗ್ರಾಣದ ಮುದುಕ ನಮ್ಮಿಬ್ಬರ ಮುಖ ನೋಡಿ ನಿಧಾನವಾಗಿ ಹೇಳಿದ: "ಗೋಡೆ ತೇವ ಹಿಡಿದು ಎಲ್ಲಾ ಬೂಷ್ಟು ಬಂದಿತ್ತಮ್ಮ. ಮೂರು ತಿಂಗಳ ಹಿಂದೆ ಸುಟ್ಟುಬಿಟ್ವಿ. ಯಾರೂ ಕೇಳ್ಕೊಂಡು ಬರಲ್ಲ ಅಂದ್ಕೊಂಡಿದ್ವಿ."

ಚುಕ್ಕೆಯಮ್ಮ ಖಾಲಿ ಕಪಾಟುಗಳ ನಡುವೆ ಒಂದು ಸುತ್ತು ನಡೆದು ಬಂದರು. ಮುದುಕನಿಗೆ, "ನಿಮ್ಮ ತಪ್ಪೇನಿಲ್ಲ ಬಿಡಿ, ಕೊಡ್ತೀನಿ ಅಂದಾಗ ಬೇಡ ಅಂದವಳು ನಾನು," ಎಂದರು.

ಹೊರಗೆ ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತೆವು. ಬಿಸಿಲು ಚುರುಗುಟ್ಟುತ್ತಿತ್ತು. ಅವರು ಅತ್ತಿರಲಿಲ್ಲ. ಥಟ್ಟನೆ ನನ್ನ ಕಡೆ ತಿರುಗಿದರು.

"ನಾವಿಬ್ಬರೇ ಅಲ್ವಾ ಅದನ್ನ ಕೇಳಿರೋದು. ನನಗೆ ಮಾತು ನೆನಪಿದೆ, ದನಿ ಜಾರಿ ಹೋಗ್ತಾ ಇದೆ. ನಿನಗೆ ನೆನಪಿದ್ರೆ ಒಂದು ಸಲ ಅವಳ ಥರ ಹೇಳು ನೋಡೋಣ."

ನಾಚಿಕೆಯಾಯಿತು. ಆದರೂ ಹೇಳಿದೆ. ನನ್ನ ಗಂಡು ದನಿಯನ್ನು ಆದಷ್ಟು ಒಡೆದು, ನಡುವೆ ಉಸಿರು ಬಿಟ್ಟು ಹೇಳಿದೆ. ತಂಗಿಗೆ ಪರೀಕ್ಷೆ ಇದೆ, ಹೆದರ್ಕೋತಾಳೆ ಎಂಬಲ್ಲಿಯವರೆಗೂ ಹೇಳಿ ನಿಲ್ಲಿಸಿದೆ.

ಅವರು ಕಣ್ಣು ಮುಚ್ಚಿ, ಬೆನ್ನು ತಿರುಗಿಸಿ ಕೇಳಿದರು. ಇನ್ನೊಂದು ಸಲ ಹೇಳಿಸಿದರು. ಆಮೇಲೆ ಮೆಲ್ಲಗೆ ತಲೆಯಾಡಿಸಿದರು.

"ಹಾಗಲ್ಲಪ್ಪ," ಎಂದರು. "ಪಾಪ, ದನಿ ನಿನಗೂ ನೆನಪಿಲ್ಲ."