ಕೋಳಿಗೆ ಹಾಸಿಗೆ ಹಾಸುವ ಅಂಜನಮ್ಮ

ಬೆಳಗಿನ ಆರು ಗಂಟೆ. ಕೆಂಗೇರಿಯಾಚೆಯ ಕೋಳಿ ಫಾರಂ ಬಾಗಿಲಲ್ಲಿ ಮರದ ಪುಡಿ ತುಂಬಿದ ಲಾರಿ ನಿಂತಿದೆ. ಐವತ್ತು ದಾಟಿದ ಅಂಜನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಲಾರಿ ಹತ್ತಿ, ಮೊಣಕೈವರೆಗೂ ಕೈ ತೂರಿಸಿ ಒಂದು ಹಿಡಿ ತೆಗೆಯುತ್ತಾರೆ. ಹಿಂಡಿ, ಬೆರಳು ಬಿಡಿಸುತ್ತಾರೆ. ಪುಡಿ ಉದುರುವುದಿಲ್ಲ, ಉಂಡೆಯಾಗಿ ಅಂಗೈಯಲ್ಲೇ ಕೂರುತ್ತದೆ.

"ಇಳಿಸ್ಬೇಡಪ್ಪ, ಹಸಿ ಐತೆ."

ಕಾಮಾಕ್ಷಿಪಾಳ್ಯದಿಂದ ಲಾರಿ ತಂದ ಬೈರಯ್ಯನ ಮುಖ ಹುಳ್ಳಗಾಗುತ್ತದೆ. ಒಂಬತ್ತಕ್ಕೆ ಸಾವಿರ ಮರಿಗಳು ಬರಲಿವೆ. ಯಜಮಾನರು ಬರಲಿ ಎಂದು ಅವನು ಬೀಡಿ ಹಚ್ಚುತ್ತಾನೆ.

ಬ್ರಾಯ್ಲರ್ ಕೋಳಿ ನಮ್ಮ ಕಡೆಗೆ ಹೊಸದು. ನಾಟಿ ಕೋಳಿಯ ಹಾಗೆ ತಿಪ್ಪೆ ಕೆದಕುವ ಭಾಗ್ಯ ಇದಕ್ಕಿಲ್ಲ. ಶೆಡ್ಡಿಗೆ ಬಂದರೆ ಹತ್ತು ವಾರ ಅದೇ ನೆಲ. ಆ ನೆಲಕ್ಕೆ ನಾಲ್ಕು ಬೆರಳು ದಪ್ಪ ಹರಡುವ ಮರದ ಪುಡಿಯನ್ನೋ ಭತ್ತದ ಹೊಟ್ಟನ್ನೋ ಅಂಜನಮ್ಮ 'ಹಾಸಿಗೆ' ಎನ್ನುತ್ತಾರೆ. ಅದನ್ನು ದಿನಕ್ಕೆರಡು ಸಲ ಕೆದಕಿ, ನೀರು ಚೆಲ್ಲಿದ ಕಡೆ ಬದಲಾಯಿಸುವುದು ಐದು ವರ್ಷದಿಂದ ಇವರ ಕೆಲಸ.

ಪಕ್ಕದ ಶೆಡ್ಡಿನಲ್ಲಿ ಏಳು ವಾರದ ಕೋಳಿಗಳಿವೆ. ಒಂದು ಮೂಲೆಯಲ್ಲಿ ಇವರು ಮಂಡಿಯೂರಿ ನೆಲಕ್ಕೆ ಮೂಗು ಹಿಡಿಯುತ್ತಾರೆ. ಇವರ ಕೆಲಸ ನೋಡಲೆಂದು ಬಂದ ನಾನು ನಿಂತಲ್ಲೇ ಮೂಸಿ, ವಾಸನೆಯೇ ಇಲ್ಲವಲ್ಲ ಎಂದು ಜಾಣತನ ತೋರಿಸುತ್ತೇನೆ.

"ನಿಮ್ ಮೂಗು ಮೇಲೈತೆ ಸಾರ್. ಕೋಳಿ ಮೂಗು ಎಲ್ಲೈತೆ ನೋಡಿ."

ಬಗ್ಗುತ್ತೇನೆ. ಕಣ್ಣುರಿದು ನೀರು ಬರುತ್ತದೆ. ರಾತ್ರಿ ನೀರಿನ ಬಟ್ಟಲು ಸೋರಿ, ನೆನೆದ ಹಿಕ್ಕೆ ಘಾಟೆದ್ದಿದೆಯಂತೆ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವರು ಆ ಜಾಗದ ಹೊಟ್ಟನ್ನು ಪುಟ್ಟಿಗೆ ತುಂಬಿರುತ್ತಾರೆ.

ಹೋದ ಮಳೆಗಾಲದಲ್ಲಿ ಅಂಜನಮ್ಮ ಮಗಳ ಬಾಣಂತನಕ್ಕೆ ಹೋಗಿದ್ದಾಗ ಯಾರೋ ಹಸಿ ಪುಡಿ ಹಾಸಿದ್ದರು. "ಬಂದ್ ನೋಡಿದ್ರೆ ಅಂಗಾಲೆಲ್ಲಾ ಹುಣ್ಣು. ಕಾಲೂರಕ್ಕಾಗ್ದೆ ಮೇವಿನ ಹತ್ರಾನೇ ಹೋಗ್ತಿರ್ಲಿಲ್ಲ. ನೂರೆಂಬತ್ತು ಸತ್ತೋದ್ವು." ಎಂದಿನಂತೆ ಒಂದೂವರೆ ಕಿಲೊ ತೂಗಬೇಕಿದ್ದ ಕೋಳಿಗಳು ಆ ಸಲ ಒಂದು ಕಿಲೊ ದಾಟಲಿಲ್ಲವಂತೆ.

ಏಳಕ್ಕೆ ಯಜಮಾನ ಮುನಿರಾಮಯ್ಯ ಸ್ಕೂಟರಿನಲ್ಲಿ ಬರುತ್ತಾರೆ. ಉಟ್ಟಿರುವುದು ಮಲ್ಲಿಗೆ ಹೂವಿನಂಥ ಪಂಚೆ.

"ಇರೋದ್ರಲ್ಲೇ ಸುಧಾರಿಸ್ಕೋ ಅಂಜನಮ್ಮ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ."

"ಚಾಚೋಕೆ ಹಾಸಿಗೆ ಒಣಗಿರ್ಬೇಕಲ್ಲ ಯಜಮಾನ್ರೇ? ನೀವೇ ಇದ್ರ ಮೇಲೆ ಕೂತ್ಕೊಳ್ಳಿ. ಮರಿ ಬರೋವರ್ಗೂ ಕೂತ್ರೆ ನಾನೇ ಹರಡ್ತೀನಿ. ಆಗಲ್ಲ ಅಂದ್ರೆ, ಹರಡೋಕೆ ಬೇರೆಯವ್ರನ್ನ ನೋಡ್ಕೊಳ್ಳಿ."

ಗಂಡನಿಲ್ಲದ ಹೆಂಗಸು, ಈ ಕೆಲಸ ಬಿಟ್ಟರೆ ಬೇರೆ ಆಧಾರವಿಲ್ಲ. ಮುನಿರಾಮಯ್ಯ ಲಾರಿ ನೋಡುತ್ತಾರೆ, ತಮ್ಮ ಪಂಚೆ ನೋಡಿಕೊಳ್ಳುತ್ತಾರೆ.

"ವಾಪಸ್ ತಗೊಂಡೋಗಯ್ಯ" ಎಂದು ಬೈರಯ್ಯನಿಗೆ ಹೇಳಿ, "ಈಗೇನ್ ಹಾಸ್ತೀಯಮ್ಮ?" ಎನ್ನುತ್ತಾರೆ.

ಉತ್ತರ ಸಿದ್ಧವಿದೆ. ಅಕ್ಕಿ ಗಿರಣಿಯ ಒಣ ಹೊಟ್ಟು ಉಗ್ರಾಣದಲ್ಲಿ ಅರ್ಧ ಶೆಡ್ಡಿಗಾಗುವಷ್ಟಿದೆ. ಎಳೆ ಮರಿಗಳಿಗೆ ಮೊದಲ ವಾರ ಅಷ್ಟು ಜಾಗ ಧಾರಾಳ. ತಗಡು ಅಡ್ಡ ಕಟ್ಟಿ, ಇಬ್ಬರೂ ಸೇರಿ ಹರಡುತ್ತಾರೆ. ಪಂಚೆ ಈಗ ಮೊಣಕಾಲಿಗೇರಿದೆ.

ಒಂಬತ್ತೂಕಾಲಿಗೆ ಡಬ್ಬಗಳು ತೆರೆಯುತ್ತವೆ. ಹಳದಿ ಮರಿಗಳು ಚಿಂವ್‌ಗುಟ್ಟುತ್ತಾ ಹೊಟ್ಟಿನ ಮೇಲೆ ಓಡುತ್ತವೆ. ಅಂಜನಮ್ಮ ನೋಡುವುದು ಅವುಗಳ ಕಾಲನ್ನೇ. ಇಷ್ಟೆಲ್ಲ ಮಾಡಿದರೂ ಕೊನೆಗೆ ಅಂಗಡಿಗೇ ತಾನೇ ಎಂದು ನಾನು ಕೇಳಬಾರದ್ದನ್ನು ಕೇಳುತ್ತೇನೆ.

"ಹೌದು ಸಾರ್, ತಿನ್ನೋಕೇ ಸಾಕೋದು, ಸುಳ್ಳ್ಯಾಕೆ? ಅವಕ್ಕಿರೋದೇ ಹತ್ತು ವಾರ. ಅಷ್ಟ್ ದಿನಾನಾದ್ರೂ ಕಾಲ್ ನೋಯ್ದಂಗೆ ನಿಂತ್ಕೊಳ್ಲಿ."